ದೋಣಿಯಲ್ಲಿ ಇಡ್ಲಿ ಅಂಗಡಿ

ಮಕ್ಕಳೇ, ದೀಪಾವಳಿಗೆ ಹೊನ್ನಾವರದಿಂದ ಬಂದ ಮೊಮ್ಮಗ ಊಟದ ಎಲೆಯ ಮುಂದೆಯೇ ಹೇಳಿಬಿಟ್ಟ: "ಅಜ್ಜ, ಶರಾವತಿಯಲ್ಲಿ ದೋಣಿ ಹೋಟೆಲ್ ಶುರು ಮಾಡ್ತೇನೆ. ಕಾಂಡ್ಲಾ ಕಾಡು ನೋಡಲು ಬರುವವರಿಗೆ ನೀರಿನ ಮೇಲೇ ಬಿಸಿ ಇಡ್ಲಿ, ಚಹಾ!"

ದುಡ್ಡು? ಅಜ್ಜಿಯ ಮೂರು ಲಕ್ಷದ ಠೇವಣಿಯ ಮೇಲೆ ಅವನ ಕಣ್ಣು. ಅಜ್ಜಿ ನನ್ನ ಮುಖ ನೋಡಿದಳು.

ಅವನ ಪುಸ್ತಕದಲ್ಲಿ ರೂಪಾಯಿ ಲೆಕ್ಕ ಚೆನ್ನಾಗಿಯೇ ಇತ್ತು. "ಪಕ್ಕದಲ್ಲಿ ಕಿಲೋ ಲೆಕ್ಕವನ್ನೂ ಬರಿ ಮಾಣಿ" ಅಂದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ ಎಂದು ನೀವು ಶಾಲೆಯಲ್ಲಿ ಓದಿದ್ದೀರಿ. ತೂಕ ಏರಿದಂತೆ ದೋಣಿ ಇಳಿಯುತ್ತದೆ.

ಬರೆದೆವು. 12 ಗಿರಾಕಿಗಳು, ತಲಾ 60 ಕಿಲೋ: 720. ಅವನು, ದೋಣಿಯವನು: 120. 20 ಲೀಟರಿನ ಹತ್ತು ಕ್ಯಾನ್ ನೀರು: 200. ಗ್ಯಾಸ್ ಸಿಲಿಂಡರ್: ಸುಮಾರು 38. ಒಲೆ, ಪಾತ್ರೆ, ಬೆಂಚು, ಹಿಟ್ಟು: 150. ಒಟ್ಟು 1,228 ಕಿಲೋ. ಅವನು ನೋಡಿಟ್ಟ ದೋಣಿ ಹೊರುವುದು 1,000! ಮಾಣಿಯ ಮುಖ ಸಪ್ಪಗಾಯಿತು.

ಇನ್ನೂ ಇದೆ. ಫೋಟೋ ತೆಗೆಯಲು ಎಲ್ಲರೂ ಒಂದೇ ಬದಿಗೆ ಎದ್ದರೆ ದೋಣಿ ವಾಲುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ನಿಂತು ಕಿಡಿಗೆ ಕಾಯುತ್ತದೆ. ಯಂತ್ರದ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯಂತೆ ತಪಾಸಣೆ, ನೋಂದಣಿ, ವಿಮೆ ಬೇಕು. ತಿಂಡಿಗೆ ಆಹಾರ ಸುರಕ್ಷತಾ ನೋಂದಣಿ ಬೇಕು. ಎಲ್ಲರಿಗೂ ಲೈಫ್ ಜಾಕೆಟ್ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ವ್ಯಾಪಾರವಿಲ್ಲ. ಸಾಲದ ಕಂತಿಗೆ ಮಾತ್ರ ಮಳೆಗಾಲದ ರಜೆ ಇಲ್ಲ!

"ಹಾಗಾದರೆ ಬೇಡವಾ ಅಜ್ಜ?"

ಬೇಡ ಎನ್ನಲಿಲ್ಲ. ಬ್ಯಾಂಕಾಕಿನ ಕತೆ ಹೇಳಿದೆ. ಅಲ್ಲಿನ ಕಾಲುವೆಗಳಲ್ಲಿ ಹಿಂದೆ ನೂಡಲ್ಸ್ ಮಾರುವವರು ಒಬ್ಬರೇ ಹುಟ್ಟು ಹಾಕಿ, ಬೇಯಿಸಿ, ಬಡಿಸಿ, ಹಣ ಎಣಿಸಬೇಕಿತ್ತು. ದೊಡ್ಡ ಬಟ್ಟಲನ್ನು ಗಿರಾಕಿಯ ಕೈಗೆ ದಾಟಿಸುವಾಗ ಸಾರು ಚೆಲ್ಲುತ್ತದೆ. ಅದಕ್ಕೇ ಬಟ್ಟಲು ಚಿಕ್ಕದು. ಇಂದು ದಡದ ಹೋಟೆಲುಗಳಲ್ಲೂ 'ದೋಣಿ ನೂಡಲ್ಸ್' ಚಿಕ್ಕ ಬಟ್ಟಲಿನಲ್ಲೇ ಬರುತ್ತದೆ. ಗಿರಾಕಿಗಳನ್ನು ಅವರು ಹತ್ತಿಸಿಕೊಳ್ಳಲಿಲ್ಲ. ತಿಂಡಿಯನ್ನು ಅವರ ಬಳಿಗೆ ಒಯ್ದರು.

ಮಾಣಿ ಹೊಸ ಪುಟ ತಿರುವಿದ. ಇಡ್ಲಿ ಮನೆಯಲ್ಲೇ ಬೇಯಲಿ, ಚಹಾ ಫ್ಲಾಸ್ಕಿನಲ್ಲಿರಲಿ. ಒಲೆ ಇಲ್ಲ, ಸಿಲಿಂಡರ್ ಇಲ್ಲ, ಬೆಂಚಿಲ್ಲ. ಪ್ರವಾಸಿಗಳ ದೋಣಿ ಪಕ್ಕದಲ್ಲಿ ನಿಂತಾಗ ಬಾಳೆ ಎಲೆಯ ಪೊಟ್ಟಣ ಕೊಟ್ಟರಾಯಿತು. ಎಂಜಲು, ಕಸ ನದಿಗಲ್ಲ, ಮರಳಿ ದಡಕ್ಕೆ. ಒಟ್ಟು ಭಾರ 300 ಕಿಲೋ ದಾಟಲಿಲ್ಲ. ದೋಣಿ ಕೊಳ್ಳುವುದೂ ಬೇಡ, ಬಾಡಿಗೆ ಸಾಕು.

ಅಜ್ಜಿ ಠೇವಣಿ ಮುರಿಯಲಿಲ್ಲ. ಸಾಸಿವೆ ಡಬ್ಬಿಯಲ್ಲಿದ್ದ ಐದು ಸಾವಿರ ಕೊಟ್ಟು, "ಒಂದು ಮಳೆಗಾಲ ದಾಟಿಸು, ಆಮೇಲೆ ಠೇವಣಿಯ ಮಾತು" ಅಂದಳು.

ಕಾಗದಪತ್ರ ಮುಗಿಸಿ ಈಗ ಭಾನುವಾರಗಳಲ್ಲಿ ಮಾತ್ರ ಹೋಗುತ್ತಾನೆ. ಮೊನ್ನೆ 60 ಪೊಟ್ಟಣ ಒಯ್ದು 49 ಮಾರಿದ. ಉಳಿದ 11ನ್ನೂ ಪುಸ್ತಕದಲ್ಲಿ ಬರೆದಿದ್ದಾನೆ. ಅದನ್ನು ನೋಡಿ ನನಗೆ ಧೈರ್ಯ ಬಂತು.

ಈ ವಾರ ನೀವೊಂದು ಕೆಲಸ ಮಾಡಿ. ಬಕೆಟ್ ನೀರಿನಲ್ಲಿ ಸ್ಟೀಲ್ ಬಟ್ಟಲು ತೇಲಿಬಿಟ್ಟು, ನಾಣ್ಯಗಳನ್ನು ಮೊದಲು ನಡುವೆ, ಆಮೇಲೆ ಒಂದೇ ಬದಿಗೆ ಇಡಿ. ಏನಾಯಿತೆಂದು ಅಜ್ಜ-ಅಜ್ಜಿಗೆ ತೋರಿಸಿ. ನಾಣ್ಯಗಳನ್ನು ಮರಳಿಸಲು ಮರೆಯಬೇಡಿ!