ತಾಯಿಮೀನಿಗೆ ಕಟ್ಟುವ ಪಾರಿತೋಷಕ



ವಿಶಾಖಪಟ್ಟಣದ ಮತ್ತು ವಿಜಯವಾಡದ ನಮ್ಮ ಕುಟುಂಬಗಳು ಕೂಡಿ ಮೇ ತಿಂಗಳ ರಜೆಯಲ್ಲಿ ನಡೆಸುವ ವನಭೋಜನಕ್ಕೆ ಈ ಸಲ ಗಾಳದ ಪಂದ್ಯವೊಂದನ್ನು ಸೇರಿಸಬೇಕೆಂಬ ಸಲಹೆ ಬಂದಿದೆ. ವಿಶಾಖೆಯವರು ಭೀಮುನಿಪಟ್ಟಣದ ಗೋಸ್ತನಿ ಅಳಿವೆ ಎನ್ನುತ್ತಾರೆ, ವಿಜಯವಾಡದವರು ಕೃಷ್ಣೆಯ ದಡ ಎನ್ನುತ್ತಾರೆ. ಸ್ಥಳದ ಬಗ್ಗೆ ತಕರಾರಿದ್ದರೂ ಬಹುಮಾನದ ಬಗ್ಗೆ ಎಲ್ಲರದೂ ಒಂದೇ ಮಾತು: ತಕ್ಕಡಿಯಲ್ಲಿ ಯಾರ ಮೀನು ಹೆಚ್ಚು ತೂಗುತ್ತದೋ ಅವರಿಗೆ ಪಾರಿತೋಷಕ. ಈ ಸಲಹೆಯನ್ನು ನಾನು ವಿರೋಧಿಸುತ್ತೇನೆ. ಏಕೆಂಬುದನ್ನು ವಿವರಿಸಲು ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೀನು ತಿನ್ನದವನಲ್ಲ. ಗಂಗೊಳ್ಳಿಯ ಅಳಿವೆಯ ಬಳಿ ಹುಟ್ಟಿ, ಶಾಲೆಗೆ ಚಕ್ಕರ್ ಹೊಡೆದು ಗಾಳ ಹಾಕಿ, ಅದಕ್ಕಾಗಿ ಬೆತ್ತದ ಏಟು ತಿಂದವನು. ಗಾಳದ ವಿನೋದ ನಮ್ಮ ನಾಡಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದೆ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ಇಂದಿಗೂ ದಂತಕಥೆ. ಆದ್ದರಿಂದ ನನ್ನ ಆಕ್ಷೇಪ ಗಾಳಕ್ಕಲ್ಲ. ಮೇ ತಿಂಗಳಿಗೆ, ಮತ್ತು ಆ ತಕ್ಕಡಿಗೆ.

ಪೂರ್ವ ಕರಾವಳಿಯಲ್ಲಿ ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅಂದರೆ 61 ದಿನ, ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿಮಾಡುವ ಕಾಲಕ್ಕೆ ಕಡಲಿಗೆ ಬಿಡುವು ಕೊಡುವುದೇ ಅದರ ಉದ್ದೇಶ. ಆಗ ವಿಶಾಖೆಯ ಮೀನುಗಾರಿಕಾ ಬಂದರಿಗೆ ಹೋಗಿ ನೋಡಿ: ದೋಣಿಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ, ಗಂಡಸರು ಬಲೆ ಹೊಲಿಯುತ್ತ ಕೂತಿರುತ್ತಾರೆ. ಸರ್ಕಾರದ ಪರಿಹಾರಧನ ಉಂಟು, ನಿಜ. ಆದರೆ ಎರಡು ತಿಂಗಳ ದುಡಿಮೆಗೆ ಅದು ಸಾಟಿಯಾದೀತೇ? ದಡದ ಗಾಳ ಆ ಆಜ್ಞೆಗೆ ಒಳಪಡುವುದಿಲ್ಲ ಎಂದು ನಮ್ಮ ವಕೀಲ ಮಿತ್ರರು ಸಭೆಯಲ್ಲಿ ಹೇಳಿದರು. ಇರಬಹುದು. ಅನ್ನಕ್ಕಾಗಿ ಕಡಲಿಗಿಳಿಯುವವನು ಕೈಕಟ್ಟಿ ಕೂತಿರುವ ದಿನಗಳಲ್ಲೇ, ಅವನ ಊರಿಗೆ ಬಂದು ನೆಲೆಸಿದ ನಾವು ಬ್ಯಾನರು ಕಟ್ಟಿ, ಧ್ವನಿವರ್ಧಕ ಹಾಕಿ, ಮೋಜಿಗಾಗಿ ಮೀನೆತ್ತುವುದು ಕಾನೂನಿಗೆ ಸರಿ ಕಂಡೀತು. ನೆರೆಹೊರೆಗೆ ಸರಿ ಕಂಡೀತೇ? ನಮ್ಮ ಕರಾವಳಿಯಲ್ಲೂ ಮಳೆಗಾಲದ ಬಿಡುವು ಮುಗಿದು, ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಕಡಲಿಗಿಳಿಯುವ ಪದ್ಧತಿ ಇದೆ. ಆ ಸಂಯಮವನ್ನು ಊರಲ್ಲೇ ಬಿಟ್ಟುಬಂದೆವೇ?

ಇನ್ನು ತಕ್ಕಡಿಯ ವಿಷಯ. ಅಳಿವೆಯಲ್ಲಿ ಗಾಳದವರೆಲ್ಲ ಆಸೆಪಡುವ ಮೀನು ಪಂಡುಗಪ್ಪ, ಇಂಗ್ಲಿಷಿನಲ್ಲಿ ಸೀ ಬಾಸ್. ಈ ಮೀನಿನ ಬಾಳು ವಿಚಿತ್ರ. ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ಕೆಲವು ವರ್ಷಗಳ ಮೇಲೆ ಅದೇ ಮೀನು ಹೆಣ್ಣಾಗುತ್ತದೆ. ಒಂದೂವರೆ ಎರಡು ಕಿಲೋದವು ಬಹುಪಾಲು ಗಂಡು. ನಾಲ್ಕು ಕಿಲೋ ದಾಟಿದವು ಬಹುಪಾಲು ಹೆಣ್ಣು. ದೊಡ್ಡ ಹೆಣ್ಣೊಂದು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಹೊಳೆ ಹಿನ್ನೀರುಗಳಲ್ಲಿ ಬೆಳೆದ ಮೀನು ಮರಿಮಾಡಲು ಇಳಿದುಬರುವುದೂ ಅಳಿವೆಯತ್ತಲೇ. ಹೀಗಿರುವಾಗ ‘ಅತಿ ಭಾರದ ಮೀನಿಗೆ ಬಹುಮಾನ’ ಎಂದರೆ ಏನರ್ಥ? ತಾಯಂದಿರನ್ನೇ ಆರಿಸಿ ತೆಗೆಯಿರಿ ಎಂದು ಡಂಗುರ ಹೊಡೆಸಿದಂತೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಈ ಊರಿಗೆ ಬಂದ ಹೊಸತರಲ್ಲಿ ಒಂದು ಮೇ ತಿಂಗಳು ಗೋಸ್ತನಿಯ ಬಾಯಲ್ಲಿ ಆರು ಕಿಲೋದ ಪಂಡುಗಪ್ಪ ನನ್ನ ಗಾಳಕ್ಕೆ ಬಿತ್ತು. ಜಂಬದಿಂದ ಹೆಗಲ ಮೇಲೆ ಹೊತ್ತು ತಂದು, ಮೀನು ಹಸನು ಮಾಡುವ ಅಜ್ಜಿಯ ಮುಂದಿಟ್ಟೆ. ಹೊಟ್ಟೆ ಸೀಳಿದರೆ ಎರಡು ಕೈತುಂಬ ಮೊಟ್ಟೆ. ಅಜ್ಜಿ ಕತ್ತಿ ಕೆಳಗಿಟ್ಟು, “ಇದಿ ತಲ್ಲಿ ಚೇಪ, ಬಾಬು” ಎಂದಳು, ಅಷ್ಟೇ. ಬೈಯಲಿಲ್ಲ. ಕೂಲಿ ತೆಗೆದುಕೊಂಡು ಮುಂದಿನ ಗಿರಾಕಿಯನ್ನು ಕರೆದಳು. ಆ ರಾತ್ರಿ ಮನೆಯಲ್ಲಿ ಎಲ್ಲರೂ ಉಂಡರು, ನನಗೆ ಸೇರಲಿಲ್ಲ.

ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿಬಂದ ಹಿರಿಯರೊಬ್ಬರು, “ಅಲ್ಲಿ ಬಾಸ್ ಪಂದ್ಯಗಳು ಬೇಸಿಗೆಯಲ್ಲೇ ಎಷ್ಟೋ ನಡೆಯುತ್ತವೆ, ಹಿಡಿದ ಮೀನನ್ನು ಜೀವಂತ ಬಿಟ್ಟುಬಿಡುತ್ತಾರೆ, ನಾವೂ ಬಿಟ್ಟರಾಯಿತು” ಎಂದರು. ಮಾತಿನಲ್ಲಿ ಸತ್ಯವಿದೆ. ಅಲ್ಲಿಯ ಪಂದ್ಯಗಳನ್ನು ಬೆಳೆಸಿದ ರೇ ಸ್ಕಾಟ್ 1972ರಲ್ಲೇ ಹಿಡಿದ ಮೀನನ್ನು ಕೊಲ್ಲಬೇಡಿ ಎಂಬ ನಿಯಮ ತಂದರು. ಆದರೆ ಅಲ್ಲಿ ದೋಣಿಯೊಳಗೇ ಗಾಳಿಯಾಡಿಸುವ ನೀರಿನ ತೊಟ್ಟಿ ಇರುತ್ತದೆ. ಮೀನು ಸತ್ತರೆ ಅಂಕ ಕಳೆಯುತ್ತಾರೆ. ನಮ್ಮಲ್ಲಿ ಇರುವುದು ಪ್ಲಾಸ್ಟಿಕ್ ಬಕೆಟ್ಟು. ಮೇಲಾಗಿ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಮೇ ತಿಂಗಳ ವಿಜಯವಾಡದಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ, ಹೆಣಗಾಡಿ ದಣಿದ ಮೀನನ್ನು ತೂಗಿ, ಫೋಟೋ ಹಿಡಿದು, ಮಕ್ಕಳ ಕೈಗೆಲ್ಲ ದಾಟಿಸಿ ಆಮೇಲೆ ಬಿಟ್ಟರೆ, ಅದು ಈಜಿಹೋದದ್ದು ನಮಗೆ ಕಾಣುತ್ತದೆ. ಸಂಜೆ ಬೆಳ್ಳಗೆ ತೇಲಿದ್ದು ಕಾಣುವುದಿಲ್ಲ.

ಕಾವೇರಿಯ ಪಾಠವೂ ನಮ್ಮ ಮುಂದಿದೆ. ಜಗತ್ತಿನ ಗಾಳಗಾರರನ್ನು ಕರೆತಂದ ಆ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಆ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಗಾಳಗಾರರೇ ಅದನ್ನು ಮುಗಿಸಿದರು ಎಂದರೆ ಅನ್ಯಾಯವಾದೀತು. ಅಣೆಕಟ್ಟು, ಸಿಡಿಮದ್ದು, ಹೊರಗಿನಿಂದ ತಂದುಬಿಟ್ಟ ಬೇರೆ ಜಾತಿಯ ಮಹಶೀರ್ ಮರಿಗಳು, ಎಲ್ಲವೂ ಸೇರಿವೆ. ಹಿಡಿದು ಬಿಡುವ ನಿಯಮದ ಗಾಳದ ಕ್ಯಾಂಪುಗಳು ನದಿಗೆ ಕಾವಲಾಗಿದ್ದೂ ಉಂಟು. ಆದರೆ ಹೆಸರು ಸರಿಯಾಗಿ ತಿಳಿಯುವ ಮೊದಲೇ ಒಂದು ಮೀನು ಕೈತಪ್ಪಿಹೋಗಬಹುದು ಎಂಬುದಂತೂ ಕನ್ನಡಿಗರಾದ ನಮಗೆ ಗೊತ್ತಿರಬೇಕು.

ಬರೀ ಬೇಡವೆಂದು ಕೂರುವುದು ಸುಲಭ. ಆದ್ದರಿಂದ ನನ್ನ ಸಲಹೆ ಇಷ್ಟು: ಪಂದ್ಯ ನಡೆಯಲಿ, ಆದರೆ ಡಿಸೆಂಬರ್ ಇಲ್ಲವೇ ಜನವರಿಯ ತಂಪಿನಲ್ಲಿ. ಅಳಿವೆಯಲ್ಲಾಗಲಿ ಕೃಷ್ಣೆಯಲ್ಲಾಗಲಿ ಬೇಡ. ಮೀನು ಸಾಕುವವರೊಬ್ಬರ ಕೊಳದಲ್ಲಿ, ಅವರಿಗೆ ಹಣ ತೆತ್ತು. ಪಂಡುಗಪ್ಪವೇ ಬೇಕೆಂದರೆ ಅದಕ್ಕೂ ಅಡ್ಡಿಯಿಲ್ಲ. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆಯವರು 1997ರಲ್ಲೇ ಅದನ್ನು ತೊಟ್ಟಿಯಲ್ಲಿ ಮರಿಮಾಡಿಸಿದ್ದಾರೆ, ಸಾಕುವವರಿದ್ದಾರೆ. ಗಾಳಕ್ಕೆ ಒಳಮುಳ್ಳು ಇರಬಾರದು. ತಕ್ಕಡಿಯ ಬದಲು ಒದ್ದೆ ಹಲಗೆಯ ಮೇಲೆ ಅಳತೆಪಟ್ಟಿ. ತೀರ್ಪುಗಾರರಾಗಿ ಬಂದರಿನ ಹಿರಿಯ ಬೆಸ್ತರೊಬ್ಬರನ್ನು ಶಾಲು ಹೊದಿಸಿ ಕರೆಯೋಣ. ಅವರು ಮಕ್ಕಳಿಗೆ ಹತ್ತು ಮೀನುಗಳ ತೆಲುಗು ಹೆಸರು ಕಲಿಸಲಿ, ನಾವು ಅವುಗಳ ಕನ್ನಡ ಹೆಸರು ಹೇಳಿಕೊಡೋಣ. ಮೇ ತಿಂಗಳ ವನಭೋಜನಕ್ಕೆ ಚಿತ್ರಾನ್ನ, ಕಬಡ್ಡಿ, ಅಂತ್ಯಾಕ್ಷರಿ ಸಾಕು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಲಿಖಿತವಾಗಿ ಮಂಡಿಸುತ್ತೇನೆ. ಒಪ್ಪದವರು ಎದ್ದುನಿಂತು ವಾದಿಸಲಿ, ಬೇಸರವಿಲ್ಲ. ಆದರೆ ಕೈಯೆತ್ತುವ ಮೊದಲು ಎಲ್ಲರೂ ಒಂದು ಬೆಳಿಗ್ಗೆ ಬಂದರಿಗೆ ಹೋಗಿ, ಕಟ್ಟಿಹಾಕಿದ ದೋಣಿಯ ನೆರಳಲ್ಲಿ ಬಲೆ ಹೊಲಿಯುತ್ತ ಕೂತವರನ್ನು ಮಾತಾಡಿಸಿಕೊಂಡು ಬನ್ನಿ ಎಂದು ಕೇಳಿಕೊಳ್ಳುತ್ತೇನೆ.