ಹರ್ಪಿಸ್ ಪರೀಕ್ಷೆ: ಬಿಲ್ ಯಾರ ಹೆಗಲಿಗೆ?

ಅಮೆರಿಕದಲ್ಲಿ ಹರ್ಪಿಸ್ ಪ್ರತಿಕಾಯ ಪರೀಕ್ಷೆಯ ಬಿಲ್ಲಿಗೆ ಐದಂಕಿಯ ಸಂಕೇತ ಕಡ್ಡಾಯ. ಒಂದನೇ ಬಗೆಯ ವೈರಾಣುವಿಗೆ 86695, ಎರಡನೆಯದಕ್ಕೆ 86696, ಬಗೆ ವಿಂಗಡಿಸದ ಪರೀಕ್ಷೆಗೆ 86694. ಇವು ಹೇಳುವುದು ಯಾವ ಪರೀಕ್ಷೆ ಎಂಬುದನ್ನಷ್ಟೇ. ಏಕೆ ಎಂಬುದನ್ನು ಐಸಿಡಿ-10 ಸಂಕೇತ ತಿಳಿಸಬೇಕು. ತಕರಾರು ಹುಟ್ಟುವುದೇ ಇಲ್ಲಿ.

ರೋಗಲಕ್ಷಣವಿಲ್ಲದವರಿಗೆ ಜನನಾಂಗ ಹರ್ಪಿಸ್ ತಪಾಸಣೆ ಬೇಡವೆಂದು ಅಲ್ಲಿನ ತಜ್ಞರ ಕಾರ್ಯಪಡೆ 2016ರಲ್ಲಿ ಹೇಳಿ, 2023ರಲ್ಲಿ ಪುನರುಚ್ಚರಿಸಿತು. ಸೋಂಕಿಲ್ಲದವರಿಗೂ ಸೋಂಕಿದೆಯೆಂದು ತೋರಿಸುವ ಫಲಿತಾಂಶಗಳ ಹಾವಳಿ ಇದಕ್ಕೊಂದು ಮುಖ್ಯ ಕಾರಣ. ಹೀಗಾಗಿ ವಿಮಾ ಕಂಪನಿಗಳು ಇದನ್ನು ಉಚಿತವಾಗಿ ಭರಿಸಬೇಕಾದ ನಿರ್ಬಂಧವಿಲ್ಲ. ಗುಳ್ಳೆ ಕಂಡದ್ದನ್ನು ವೈದ್ಯರು ಬರೆಯದೆ ಬಿಟ್ಟರೂ ಹಣ ತೆರುವ ಸರದಿ ರೋಗಿಯದಾಗಬಹುದು. ಅಮೆರಿಕದ ಕಡತಗಳನ್ನು ನೋಡುವ ಬೆಂಗಳೂರಿನ ಕೋಡರ್‌ಗಳೂ ಅಲ್ಲಿಲ್ಲದ ಲಕ್ಷಣವನ್ನು ಸೇರಿಸುವಂತಿಲ್ಲ. ವೈದ್ಯರಿಂದ ಸ್ಪಷ್ಟನೆ ಕೋರಬಹುದಷ್ಟೇ.