ಎಷ್ಟು ಅಡಿಗೆ ನೀರು ಬಿತ್ತು?

ಬೆಂಗಳೂರಿನ ಯಾವ ಬೀದಿಯಲ್ಲಾದರೂ ಬೋರ್ ಹಾಕಿಸುವ ದಿನ ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಲ್ಲುತ್ತಾರೆ. ರಾತ್ರಿಯಿಡೀ ಕೊರೆದರೂ, ಕಲ್ಲಿನ ಪುಡಿ ಮನೆಯೊಳಗೆ ಬಂದರೂ ತಕರಾರಿಲ್ಲ. ಎರಡಿಂಚು ನೀರು ಬಿದ್ದರೆ ಎಲ್ಲರ ಮುಖವೂ ಅರಳುತ್ತದೆ. ಆದರೆ ಎಷ್ಟು ಅಡಿಗೆ ಬಿತ್ತು, ಅದಾದ ಮೇಲೆ ಪಕ್ಕದ ಮನೆಯ ಬೋರ್ ಯಾವ ತಿಂಗಳು ಬತ್ತಿತು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಆ ಲೆಕ್ಕ ಬರೆಯಲು ನಾವು ಸೇರಿದ್ದೇವೆ.

ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಮೇಲೇರಿ ಬರುತ್ತಾಳೆ. ಮನೆಗೆ ಬಂದ ಆ ನೀರಿಗೆ ಮೀಟರಿದೆ, ಬಿಲ್ಲಿದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಪಾಲಿಗೆ ಬಹುಕಾಲ ಬೋರು ಮತ್ತು ಟ್ಯಾಂಕರುಗಳೇ ಕಾವೇರಿ. ಕಾವೇರಿ ಯೋಜನೆಯ ಐದನೇ ಹಂತದ ನೀರು ಅತ್ತ ಹರಿದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಸರ್ಕಾರವೇ ಹೇಳಿತ್ತು: 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ. ಆಗ 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ದರ ಕಟ್ಟಿದರು. ದರವೇನೋ ಗೊತ್ತಾಯಿತು. ಆ ನೀರು ಯಾರ ಊರಿನದು ಎಂಬುದು ಸಂಪು ತುಂಬಿಸಿಕೊಂಡ ನಮಗೆ ಇಂದಿಗೂ ಗೊತ್ತಿಲ್ಲ.

ನಮ್ಮ ಊರಿನ ಕೆಳಗಿರುವುದು ಗಟ್ಟಿ ಕಲ್ಲು. ಅದರ ಬಿರುಕುಗಳಲ್ಲಿ ನಿಂತ ನೀರನ್ನೇ ನಾವು ಎತ್ತುವುದು. ಬಿರುಕಿಗೆ ಸೈಟಿನ ಗಡಿ ಇಲ್ಲ. ಒಬ್ಬರು ಸಾವಿರ ಅಡಿಗೆ ಇಳಿದು ಹಗಲೂ ರಾತ್ರಿ ಮೋಟಾರ್ ಓಡಿಸಿದರೆ ಪಕ್ಕದವರ ನೀರು ಅತ್ತ ಸರಿಯಬಹುದು. ‘ನನ್ನ ಸೈಟು, ನನ್ನ ನೀರು’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಕೆರೆಗೆ ನೀರಗಂಟಿ ಇದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ತೂಬು ತೆರೆಯಬೇಕೆಂದು ನಿಂತು ನೋಡುತ್ತಿದ್ದ. ಬೋರಿಗೆ ನೀರಗಂಟಿ ಹುಟ್ಟಲೇ ಇಲ್ಲ. ಇನ್ನು ಮುಂದೆ ಆ ಕೆಲಸ ಬೀದಿಯವರದು. ಪ್ರತಿ ಬೋರಿನ ಆಳ, ನೀರು ಸಿಕ್ಕ ಮಟ್ಟ, ಬತ್ತಿದ ತಿಂಗಳು ಎಲ್ಲವನ್ನೂ ಬೀದಿಯ ಗೋಡೆಯ ಮೇಲೆ ಬರೆಯುತ್ತೇವೆ, ಮೊದಲು ನಮ್ಮವನ್ನೇ. ಹೋಟೆಲು, ಕಾರ್ಖಾನೆ, ಅಪಾರ್ಟ್‌ಮೆಂಟುಗಳ ಬೋರಿಗೂ, ಮಾರಲೆಂದು ನೀರೆತ್ತುವ ಬೋರಿಗೂ ಮೀಟರ್ ಬೇಕು. ಆ ಲೆಕ್ಕ ಎಲ್ಲರ ಕಣ್ಣಿಗೂ ಬೀಳಬೇಕು.

ಎತ್ತಿದವರು ಇಂಗಿಸಲೂಬೇಕು. 30-40 ಸೈಟಿನ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು ಒಂದು ಲಕ್ಷ ಲೀಟರ್, ಅಂದರೆ ಎಂಟು ದೊಡ್ಡ ಟ್ಯಾಂಕರ್. ಅದು ಮೋರಿ ಸೇರುವುದನ್ನು ನೋಡುತ್ತ ಟ್ಯಾಂಕರಿಗೆ ಫೋನ್ ಮಾಡುವುದು ನಮಗೆ ಸಾಕಾಗಿದೆ. ಇಂಗುಬಾವಿ ತೋಡಬಲ್ಲ ಬೋವಿ ಸಮುದಾಯದವರು ಇಲ್ಲೇ ಇದ್ದಾರೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿ ನೀರು ಕಾಣಿಸಿದ ಕೈಗಳು ಅವರವು. ಅವರನ್ನು ಕರೆಯುತ್ತೇವೆ. ಕೂಲಿಯಲ್ಲಿ ಚೌಕಾಸಿ ಮಾಡುವುದಿಲ್ಲ. ಹಗ್ಗ, ಹೆಲ್ಮೆಟ್ ಇಲ್ಲದೆ ಯಾರನ್ನೂ ಬಾವಿಗೆ ಇಳಿಸುವುದಿಲ್ಲ.

ಸೇರುವುದಕ್ಕೆ ಚಂದಾ ಇಲ್ಲ, ಅರ್ಜಿ ಇಲ್ಲ. ಈ ಭಾನುವಾರ ನಿಮ್ಮ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಬೋರ್ ಹಾಕಿಸಿದ ಮನೆಗೆ ಹೋಗಿ ಕೇಳಿ: ‘ಅಜ್ಜಿ, ಆಗ ನಿಮಗೆ ಎಷ್ಟು ಅಡಿಗೆ ನೀರು ಬಿತ್ತು?’ ಅವರು ಹೇಳಿದ್ದನ್ನು ಗೋಡೆಯ ಮೇಲೆ ಮೊದಲ ಸಾಲಾಗಿ ಬರೆಯಿರಿ.